ಗಾಡಿ ಒಂದು ಮನೆಯಲ್ಲಿ, ಕೀಲಿಕೈ ಇನ್ನೊಂದು ಮನೆಯಲ್ಲಿ

“ಬುದ್ಧಿ, ಮಾತು ಬಿಟ್ಟ ಇಬ್ಬರಲ್ಲಿ ಮೊದಲು ಯಾರು ಮಾತನಾಡಬೇಕು?”

ಬೆಳಗಿನ ಪ್ರಸಾದ ಮುಗಿದು ಗುರುಗಳು ಮಠದ ಜಗುಲಿಯ ಮೇಲೆ ಕುಳಿತಿದ್ದಾಗ ಮರುಳಸಿದ್ಧ ಈ ಪ್ರಶ್ನೆ ಕೇಳಿದ. ಕೇಳಿದವನೇ ಗಡಿಬಿಡಿಯಿಂದ ಸೇರಿಸಿದ: “ನನ್ನ ವಿಷಯವಲ್ಲ ಬುದ್ಧಿ. ಸಾಮಾನ್ಯವಾಗಿ ಕೇಳಿದೆ.”

ಗುರುಗಳು ತಲೆಯಾಡಿಸಿದರು. ಸಾಮಾನ್ಯವಾಗಿ ಕೇಳಿದ ಪ್ರಶ್ನೆಗಳು ಎಲ್ಲಿಂದ ಬರುತ್ತವೆ ಎಂಬುದು ಅವರಿಗೆ ತಿಳಿದಿತ್ತು. ಈ ಪ್ರಶ್ನೆ ಮಠದ ಅಡುಗೆಮನೆಯಿಂದ ಬಂದಿತ್ತು. ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯರು ಇಬ್ಬರು. ಒಬ್ಬ ಮರುಳಸಿದ್ಧ, ಇನ್ನೊಬ್ಬ ಚೆನ್ನಮಲ್ಲ. ಕಾರ್ತಿಕದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಸಾರಿಗೆ ಉಪ್ಪು ಬಿತ್ತೇ ಎಂದು ಒಬ್ಬ ಇನ್ನೊಬ್ಬನನ್ನು ಕೇಳುವಂತಿರಲಿಲ್ಲ. ಹೀಗಾಗಿ ಕೆಲವು ದಿನ ಇಬ್ಬರೂ ಹಾಕುತ್ತಿದ್ದರು, ಕೆಲವು ದಿನ ಇಬ್ಬರೂ ಹಾಕುತ್ತಿರಲಿಲ್ಲ. ದೂರದಿಂದ ಬಂದ ಭಕ್ತರು ಇದನ್ನು ಮಠದ ಯಾವುದೋ ವ್ರತವೆಂದು ತಿಳಿದು ಭಕ್ತಿಯಿಂದಲೇ ಉಣ್ಣುತ್ತಿದ್ದರು.

ಮರುಳಸಿದ್ಧನಿಗೆ ಬೇಕಾಗಿದ್ದುದು ಒಂದು ತೀರ್ಪು. ಅವನು ಚೆನ್ನಮಲ್ಲನಿಗಿಂತ ಮೊದಲು ಮಠಕ್ಕೆ ಬಂದವನು. ‘ಕಿರಿಯನೇ ಮೊದಲು ಮಾತನಾಡಬೇಕು’ ಎಂದು ಗುರುಗಳ ಬಾಯಿಂದ ಒಂದು ಮಾತು ಬಿದ್ದರೆ ಸಾಕಿತ್ತು, ಅದು ಚೆನ್ನಮಲ್ಲನ ಕಿವಿಗೆ ತಲುಪುವ ಏರ್ಪಾಟು ತಾನಾಗಿ ಆಗುತ್ತಿತ್ತು. ಮಾತಿಲ್ಲದ ಅಡುಗೆಮನೆ ಅವನಿಗೂ ಸಾಕಾಗಿತ್ತು. ಆದರೆ ಸಾಕಾಗಿದೆ ಎಂದು ತಾನೇ ಮೊದಲು ಹೇಳಿದರೆ ಹಿರಿತನ ಎಲ್ಲಿ ಉಳಿಯಿತು?

ಗುರುಗಳು ತೀರ್ಪು ಕೊಡಲಿಲ್ಲ. “ಕೂತುಕೋ ಮರಿ. ಒಂದು ಗಾಡಿಯ ಕತೆ ಹೇಳುತ್ತೇನೆ” ಎಂದರು.

“ಎತ್ತಿನ ಗಾಡಿಯೇ ಬುದ್ಧಿ?”

“ಮೋಟಾರ್ ಸೈಕಲ್ಲು.”

ರಥದ ದೃಷ್ಟಾಂತ, ದೋಣಿಯ ದೃಷ್ಟಾಂತ ಇವನ್ನೆಲ್ಲ ಮರುಳಸಿದ್ಧ ಕೇಳಿದ್ದ. ಮೋಟಾರ್ ಸೈಕಲ್ಲಿನಿಂದ ಮೋಕ್ಷಕ್ಕೆ ದಾರಿ ಇರುವುದನ್ನು ಯಾರೂ ಹೇಳಿರಲಿಲ್ಲ. ಅವನು ಕಾಲು ಮಡಚಿ ಕುಳಿತ. ಗುರುಗಳು ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನೂ ಒಬ್ಬ ವರ್ತಕನೂ ಇದ್ದರು. ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ರೈತ ಮೆಣಸಿನಕಾಯಿ ಬೆಳೆಯುತ್ತಿದ್ದ. ವರ್ತಕ ಎಣ್ಣೆ, ಬೆಲ್ಲ ಮಾರುತ್ತಿದ್ದ. ಇಬ್ಬರಿಗೂ ವಾರದ ಸಂತೆಗೆ ಹೋಗಬೇಕಾಗಿತ್ತು. ಇಬ್ಬರೂ ಅರ್ಧರ್ಧ ಹಾಕಿ ಒಂದು ಹಳೆಯ ಮೋಟಾರ್ ಸೈಕಲ್ ತಂದರು. ರೈತನಿಗೆ ಓಡಿಸಲು ಬರುತ್ತಿತ್ತು, ವರ್ತಕನಿಗೆ ಬರುತ್ತಿರಲಿಲ್ಲ. ಆದ್ದರಿಂದ ರೈತ ಮುಂದೆ, ವರ್ತಕ ಹಿಂದೆ, ಇಬ್ಬರ ನಡುವೆ ಮೆಣಸಿನಕಾಯಿ ಚೀಲ. ವರ್ತಕ ಸೀನುತ್ತಾ ಹೋಗುತ್ತಿದ್ದ, ಸೀನುತ್ತಾ ಬರುತ್ತಿದ್ದ. ಸೀನುಗಳ ನಡುವೆ ಮಾತು. ಮನೆ ಬಿಟ್ಟಾಗ ಶುರುವಾದದ್ದು ಸಂತೆ ಮೈದಾನದಲ್ಲಿ ಮಾತ್ರ ಸ್ವಲ್ಪ ನಿಲ್ಲುತ್ತಿತ್ತು, ಅದೂ ಗಿರಾಕಿಗಳ ಕಾಟದಿಂದ. ಆ ಗಾಡಿ ಪೆಟ್ರೋಲಿನಿಂದ ಓಡುತ್ತದೋ ಇವರ ಮಾತಿನಿಂದ ಓಡುತ್ತದೋ ಎಂದು ಊರಿನವರು ನಗುತ್ತಿದ್ದರು.

ಒಂದು ಸಂತೆಯ ದಿನ ವಾಪಸು ಬರುವಾಗ ಹಳ್ಳದ ಬಳಿ ಗಾಡಿ ಒಂದು ಗುಂಡಿಗೆ ಬಿದ್ದು ಎದ್ದಿತು. ಗಾಡಿ ಎದ್ದಿತು, ವರ್ತಕ ಏಳಲಿಲ್ಲ. ಅವನು ಗುಂಡಿಯಲ್ಲೇ ಉಳಿದ. ರೈತ ಆ ಹೊತ್ತಿನಲ್ಲಿ ತನ್ನ ಭಾವಮೈದುನನ ಗುಣಗಳನ್ನು ವಿವರಿಸುತ್ತಿದ್ದ. ಊರು ಮುಟ್ಟುವವರೆಗೂ ವಿವರಿಸಿದ. ಮನೆಯ ಮುಂದೆ ಗಾಡಿ ನಿಲ್ಲಿಸಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ.

ವರ್ತಕ ಸಂಜೆಗೆ ನಡೆದು ಬಂದ. ಪಂಚೆಯ ತುಂಬ ಕೆಸರು.

“ನಾನು ಬಿದ್ದಿದ್ದು ಗೊತ್ತಾಗಲಿಲ್ವೇನೋ?”

“ನೀನು ಸುಮ್ನೆ ಇದ್ದೆಯಲ್ಲ, ನನ್ನ ಮಾತು ಒಪ್ಕೊಂಡೆ ಅಂದ್ಕೊಂಡೆ.”

ರೈತ ನಿಜವನ್ನೇ ಹೇಳಿದ್ದ. ಅದರಿಂದಲೇ ಕೆಟ್ಟಿತು. ಇಷ್ಟು ವರ್ಷದ ಸ್ನೇಹದಲ್ಲಿ ತಾನು ಹಿಂದೆ ಇರುವುದೂ ಇಲ್ಲದಿರುವುದೂ ಇವನಿಗೆ ಒಂದೇ ಎಂದು ವರ್ತಕನಿಗೆ ಅನ್ನಿಸಿತು. ಬೀದಿಯಲ್ಲಿ ನಿಂತು ನಾಲ್ಕು ಮಾತು ಜೋರಾಗಿ ಆಡಿದ. ಆ ದಿನ ರೈತನ ಮನೆಗೆ ಬೀಗರು ಬಂದಿದ್ದರು. ಬೀಗರ ಮುಂದೆ ಬೈಸಿಕೊಂಡ ರೈತನೂ ನಾಲ್ಕು ಆಡಿದ. ಆ ಎಂಟು ಮಾತುಗಳೇ ಕೊನೆಯವಾದವು. ಬೀಳಿಸಿದವನೇ ಮೊದಲು ಬರಲಿ ಎಂದು ವರ್ತಕ. ಬೈದವನೇ ಮೊದಲು ಬರಲಿ ಎಂದು ರೈತ. ಇಬ್ಬರ ವಾದದಲ್ಲೂ ಹುರುಳಿತ್ತು, ಆದ್ದರಿಂದ ಇಬ್ಬರೂ ಬರಲಿಲ್ಲ.

ಗಾಡಿಯ ವಿಚಾರ ಪಂಚಾಯಿತಿಗೆ ಹೋಯಿತು. ಗಾಡಿಯನ್ನು ಗರಗಸದಿಂದ ಕೊಯ್ದು ಹಂಚುವಂತಿರಲಿಲ್ಲ. ಊರ ಯಜಮಾನರು ಬಹಳ ಯೋಚಿಸಿ ತೀರ್ಮಾನ ಹೇಳಿದರು: ರೈತನ ಮನೆಯಲ್ಲಿ ಕೊಟ್ಟಿಗೆ ಇರುವುದರಿಂದ ಗಾಡಿ ಅಲ್ಲಿರಲಿ, ವರ್ತಕನ ಮನೆಯಲ್ಲಿ ಕಬ್ಬಿಣದ ಪೆಟ್ಟಿಗೆ ಇರುವುದರಿಂದ ಕೀಲಿಕೈ ಅಲ್ಲಿರಲಿ. ಯಾರಿಗೂ ಅನ್ಯಾಯವಾಗದ ತೀರ್ಮಾನ ಇದು ಎಂದು ಊರೆಲ್ಲ ಕೊಂಡಾಡಿತು. ಗಾಡಿ ಅಂದಿನಿಂದ ನಿಂತೇ ಬಿಟ್ಟಿತು.

ಗಾಡಿ ಓಡದಿದ್ದರೂ ಅದಕ್ಕೆ ಗೌರವ ಕಡಿಮೆಯಾಗಲಿಲ್ಲ. ಪ್ರತಿ ಆಯುಧಪೂಜೆಗೆ ರೈತ ಅದರ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದ. ದೀಪಕ್ಕೆ ವಿಭೂತಿ ಬಳಿದು, ಟ್ಯಾಂಕಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಗಾಡಿ ಮುಂದಕ್ಕೆ ಹೋದರೆ ತಾನೇ ನಿಂಬೆಹಣ್ಣು ಒಡೆಯುವುದು? ಅದು ಅಲ್ಲೇ ಒಣಗಿ ಗೋಲಿಯಾಗುತ್ತಿತ್ತು. ಪೂಜೆಯ ಕೊನೆಗೆ ಹಾರನ್ನು ಹೊಡೆಯಬೇಕು. ಕೀಲಿಕೈ ಇಲ್ಲದೆ ಹಾರನ್ನು ಕೂಗದು. ರೈತ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಯಲ್ಲೇ ಒಮ್ಮೆ ‘ಪೀಂ’ ಎನ್ನುತ್ತಿದ್ದ.

ಗೋಡೆಯ ಆಚೆ ವರ್ತಕ ಕೀಲಿಕೈಯನ್ನು ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದ. ‘ಪೀಂ’ ಕೇಳಿದ ಮೇಲೆ ಮಂಗಳಾರತಿ ಎತ್ತುತ್ತಿದ್ದ.

ಹೀಗೆ ಕೆಲವು ವರ್ಷ ನಡೆಯಿತು. ಅಷ್ಟರಲ್ಲಿ ರೈತನ ಹಸು ಕರು ಹಾಕಿತು. ಕರು ಕಟ್ಟಲು ಕೊಟ್ಟಿಗೆಯಲ್ಲಿ ಜಾಗವಿರಲಿಲ್ಲ. ಆತ ಯಜಮಾನರ ಬಳಿ ಹೋಗಿ, “ಗೌಡ್ರೇ, ಒಂದೋ ಗಾಡಿ ನನಗೆ ಬರೀರಿ, ಇಲ್ಲಾ ಅದನ್ನ ಅವನ ಮನೇಲಿ ನಿಲ್ಸಿ” ಎಂದ.

ಯಜಮಾನರು ಕೇಳಿ ಕಳಿಸಿದರೆ, ವರ್ತಕ, “ಅವನ ಹಸು ಈದ್ರೆ ನನ್ನ ಪಾಲು ಯಾಕೆ ಬಿಡ್ಲಿ?” ಎಂದ.

ಯಜಮಾನರಿಗೂ ಈ ವ್ಯಾಜ್ಯ ಸಾಕಾಗಿತ್ತು. “ಬರುವ ಸೋಮವಾರ ಗಾಡಿಯನ್ನು ಅರಳಿಕಟ್ಟೆಯ ಮುಂದೆ ತನ್ನಿ. ಯಾರು ಅದನ್ನು ಓಡಿಸಿಕೊಂಡು ಕಟ್ಟೆ ಸುತ್ತಿ ಬರುತ್ತಾರೋ ಗಾಡಿ ಅವರದು. ಆದರೆ ಮೂರನೆಯವರು ಯಾರೂ ಕೈ ಹಚ್ಚಬಾರದು. ಇಬ್ಬರಿಂದಲೂ ಆಗದಿದ್ದರೆ ಗುಜರಿಗೆ ಹಾಕುತ್ತೇನೆ” ಎಂದರು.

ರೈತನಿಗೆ ಒಳಗೊಳಗೇ ಖುಷಿಯಾಯಿತು. ಓಡಿಸಲು ಬರುವುದು ತನಗೊಬ್ಬನಿಗೇ. ಗಾಡಿ ಸಿಕ್ಕರೆ ಮತ್ತೆ ಸಂತೆಗೆ ಗಾಳಿಯಲ್ಲಿ ಹೋಗಬಹುದು. ಇಷ್ಟು ದಿನ ಅವನು ಟೆಂಪೋದಲ್ಲಿ ಕೋಳಿ ಬುಟ್ಟಿಗಳ ನಡುವೆ ನಿಂತು ಹೋಗುತ್ತಿದ್ದ. ಟೆಂಪೋದ ಡ್ರೈವರು ಮಾತನಾಡುವವನಲ್ಲ, ರೇಡಿಯೋ ಹಾಕುವವನು. ಅದಕ್ಕಿಂತ ಹೆಚ್ಚಾಗಿ, ಗೆದ್ದರೆ ಆ ವರ್ತಕ ಏನಾದರೂ ಒಂದು ಮಾತು ಹೇಳಲೇಬೇಕಾಗುತ್ತದೆ. ಬೈಗುಳವಾದರೂ ಸರಿ, ಮೊದಲು ಮಾತನಾಡಿದವನು ಅವನೇ ಆಗುತ್ತಾನೆ.

ಕೀಲಿಕೈ ಇಲ್ಲದೆ ಗಾಡಿ ಹೊತ್ತಿಸಿ ನೋಡುವಂತಿರಲಿಲ್ಲ. ಆದರೆ ಬಿಚ್ಚಿ ನೋಡಬಹುದಿತ್ತು. ರೈತ ಕೊಟ್ಟಿಗೆಯಲ್ಲಿ ಗೋಣಿ ಹಾಸಿ ಕುಳಿತ. ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲು ತನ್ನ ವಾಸನೆ ಬಿಟ್ಟು ವಾರ್ನಿಷಿನ ವಾಸನೆ ಹಿಡಿದಿತ್ತು. ಅದರ ಅಡಿಯಲ್ಲಿ ಅಷ್ಟೂ ಆಯುಧಪೂಜೆಗಳ ನೀರು. ಎಲ್ಲವನ್ನೂ ಚೆಲ್ಲಿದ. ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲು ಇಳಿಯುವ ಸೂಜಿತೂತಿನಲ್ಲಿ ಅಂಟು ಕೂತು ಬೆಳಕೇ ಕಾಣುತ್ತಿರಲಿಲ್ಲ. ಹರಿದ ವೈರಿನ ಒಂದು ಎಳೆ ತೆಗೆದು ತೂರಿಸಿ ತೂರಿಸಿ ಬಿಡಿಸಿದ. ಪ್ಲಗ್ಗನ್ನು ಉಪ್ಪುಕಾಗದದಿಂದ ಉಜ್ಜಿದ. ಸೈಲೆನ್ಸರಿನ ಬಾಯಲ್ಲಿ ಕಣಜದ ಹುಳು ಮಣ್ಣಿನ ಮನೆ ಕಟ್ಟಿ, ಸಂಸಾರ ಮುಗಿಸಿ, ಹೊರಟುಹೋಗಿತ್ತು. ಅದನ್ನೂ ಕೆದಕಿ ತೆಗೆದ. ಬ್ಯಾಟರಿ ಸತ್ತಿತ್ತು. ಹಳೆಯ ಕಾಲದ ಗಾಡಿಯಾದ್ದರಿಂದ ಕಿಕ್ಕಿಗೆ ಬ್ಯಾಟರಿಯ ಹಂಗಿರಲಿಲ್ಲ. ಸೈಕಲ್ ಪಂಪಿನಿಂದ ಎರಡೂ ಚಕ್ರಕ್ಕೆ ಗಾಳಿ ಹೊಡೆದ.

ಸ್ಪ್ಯಾನರಿನ ಸದ್ದು ಗೋಡೆಯ ಆಚೆಗೂ ಹೋಗುತ್ತಿತ್ತು. ಆಚೆ ಕಡೆ ಅಂಗಡಿ ಲೆಕ್ಕ ಮಾಡುತ್ತಿದ್ದ ವರ್ತಕ ಸದ್ದು ನಿಂತಾಗಲೆಲ್ಲ ತಾನೂ ಲೆಕ್ಕ ನಿಲ್ಲಿಸುತ್ತಿದ್ದನೆಂದು ಅವನ ಹೆಂಡತಿ ನೀರಿನ ನಲ್ಲಿಯ ಬಳಿ ಹೇಳಿದ್ದಳು. ಇನ್ನೊಂದು ಸುದ್ದಿಯೂ ರೈತನಿಗೆ ಬಂತು. ವರ್ತಕ ತನ್ನ ಷಡ್ಡಕನ ಸ್ಕೂಟರಿನಲ್ಲಿ ಓಡಿಸುವುದನ್ನು ಕಲಿಯುತ್ತಿದ್ದಾನೆ. ರೈತ ನಕ್ಕ. ಸ್ಕೂಟರಿನ ಗೇರು ಎಡಗೈಯಲ್ಲಿ, ಮೋಟಾರ್ ಸೈಕಲ್ಲಿನ ಗೇರು ಎಡಗಾಲಿನಲ್ಲಿ. ಇದನ್ನು ಯಾರಾದರೂ ಆತನಿಗೆ ಹೇಳಬೇಕಾಗಿತ್ತು. ಹೇಳಬೇಕಾದವನು ತಾನೇ ಎಂಬುದು ನೆನಪಾಗಿ ರೈತ ನಗು ನಿಲ್ಲಿಸಿದ.

ಸೋಮವಾರ ಅರಳಿಕಟ್ಟೆಯ ಸುತ್ತ ಊರೇ ಸೇರಿತ್ತು. ಯಜಮಾನರು ಕಟ್ಟೆಯ ಮೇಲೆ. ಎದುರು ಮನೆಯ ಹೊಸ್ತಿಲಲ್ಲಿ ಯಜಮಾನರ ತಾಯಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ವರ್ತಕ ಕೀಲಿಕೈಯನ್ನು ಯಜಮಾನರ ಕೈಗೆ ಕೊಟ್ಟ, ಯಜಮಾನರು ರೈತನ ಕೈಗೆ ಕೊಟ್ಟರು. ಕೀಲಿಕೈಯ ಹಲ್ಲುಗಳಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ರೈತ ಅದನ್ನು ಕಲ್ಲಿಗೆ ಉಜ್ಜಿ ಸರಿಮಾಡಿಕೊಂಡು ತೂರಿಸಿದ. ತಿರುಗಿತು. ಹೊಸ ಪೆಟ್ರೋಲು ಹಾಕಿ, ಕಿಕ್ ಹೊಡೆದ.

ಏನೂ ಆಗಲಿಲ್ಲ. ಮತ್ತೆ ಹೊಡೆದ. ಮತ್ತೆ.

ಮೂರನೆಯವರು ಕೈ ಹಚ್ಚಬಾರದೆಂದು ಹೇಳಿದ್ದರು, ಬಾಯಿ ಹಚ್ಚಬಾರದೆಂದು ಹೇಳಿರಲಿಲ್ಲ.

“ಚೋಕ್ ಎಳಿಯಪ್ಪಾ!”

“ಎಳೆದ್ರೆ ಪೆಟ್ರೋಲ್ ತುಂಬ್ಕೊಳ್ತದೆ ಕಣೋ, ಬಿಡು!”

“ಗಾಡಿನ ಒಂದ್ಸಾರಿ ಮಗ್ಗುಲಿಗೆ ವಾಲ್ಸು, ನನ್ನ ಸ್ಕೂಟ್ರು ಹಂಗೇ ಹತ್ತದು.”

“ನಿನ್ನ ಸ್ಕೂಟ್ರು ವಾಲ್ಸಿದ್ರೆ ಹತ್ತಲ್ಲ, ಬೀಳ್ತದೆ!”

ರೈತ ಚೋಕ್ ಎಳೆದ, ಬಿಟ್ಟ, ವಾಲಿಸಿದ, ನೆಟ್ಟಗೆ ಮಾಡಿದ. ಅಂಗಿ ಬೆನ್ನಿಗೆ ಅಂಟಿತು. ಆಗ ಜನರ ಗದ್ದಲದ ನಡುವೆ ಒಂದು ಕೆಮ್ಮು ಕೇಳಿಸಿತು. ರೈತ ತಲೆಯೆತ್ತಿದ. ವರ್ತಕ ಎಲ್ಲಿಯೋ ನೋಡುತ್ತಿದ್ದವನು ಮತ್ತೊಮ್ಮೆ ಕೆಮ್ಮಿದ. ಕೆಮ್ಮುತ್ತಾ ಅವನ ಕಣ್ಣು ಟ್ಯಾಂಕಿನ ಕೆಳಗೆ ಇಳಿಯಿತು, ಅಲ್ಲಿಂದ ಆಕಾಶಕ್ಕೆ ಏರಿತು.

ರೈತ ಟ್ಯಾಂಕಿನ ಕೆಳಗೆ ನೋಡಿದ. ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿಯೇ ಇರಲಿಲ್ಲ. ಹಿಂದೆ ಸಂತೆಗೆ ಹೊರಡುವಾಗ ಅದನ್ನು ಬಗ್ಗಿ ತಿರುಗಿಸುತ್ತಿದ್ದುದು ವರ್ತಕನ ಕೆಲಸ. ತಾನು ಅದನ್ನು ಎಂದೂ ಮಾಡಿರಲಿಲ್ಲ.

ನಲ್ಲಿ ತಿರುಗಿಸಿ ಒಂದು ಕಿಕ್ ಹೊಡೆದ. ಗಾಡಿ ಒಮ್ಮೆ ಸೀನಿತು. ಇನ್ನೊಂದು ಕಿಕ್ಕಿಗೆ ಸೈಲೆನ್ಸರಿನಿಂದ ಕಣಜದ ಮನೆಯ ಉಳಿದ ಮಣ್ಣೂ ಕಪ್ಪು ಹೊಗೆಯೂ ಒಟ್ಟಿಗೆ ಹೊರಗೆ ಬಂದು, ಹಿಂದೆ ನಿಂತು ಸಲಹೆ ಕೊಡುತ್ತಿದ್ದವರೆಲ್ಲ ಹಣೆಗೆ ಅಂಗಾರ ಇಟ್ಟುಕೊಂಡಂತಾದರು. ಇಂಜಿನ್ನು ಡಬಡಬ ಎಂದಿತು. ಊರೇ ಚಪ್ಪಾಳೆ ತಟ್ಟಿತು. ವರ್ತಕ ತಟ್ಟಲಿಲ್ಲ, ಆದರೆ ಅವನ ಕೈಗಳು ಒಂದರ ಹತ್ತಿರ ಒಂದು ಬಂದಿದ್ದನ್ನು ರೈತ ನೋಡಿದ.

ಗೆದ್ದೆ ಎಂದುಕೊಂಡು ರೈತ ಸೀಟಿನ ಮೇಲೆ ಕುಳಿತ. ಕ್ಲಚ್ ಹಿಡಿದ. ಕಾಲಿನಿಂದ ಗೇರು ಒತ್ತಿದ. ಗಾಡಿ ಕಪ್ಪೆಯ ಹಾಗೆ ಒಮ್ಮೆ ಮುಂದಕ್ಕೆ ಹಾರಿ, ನಿಂತು, ಆರಿಹೋಯಿತು. ಮತ್ತೆ ಹೊತ್ತಿಸಿದ. ಗೇರು ಹಾಕಿದ. ಹಾರಿತು, ಆರಿತು.

ಇಲ್ಲಿ ಮರುಳಸಿದ್ಧ ತಡೆದ. “ಕ್ಲಚ್ ಎಂದರೇನು ಬುದ್ಧಿ?”

“ಇಂಜಿನ್ನಿಗೂ ಚಕ್ರಕ್ಕೂ ನಡುವೆ ಒತ್ತೊತ್ತಾಗಿ ಜೋಡಿಸಿದ ಬಿಲ್ಲೆಗಳು. ಹಿಡಿ ಒತ್ತಿದರೆ ಬೇರೆಯಾಗುತ್ತವೆ, ಬಿಟ್ಟರೆ ಕೂಡುತ್ತವೆ. ಬಹಳ ದಿನ ಕೆಲಸವಿಲ್ಲದೆ ನಿಂತರೆ ಒಂದಕ್ಕೊಂದು ಅಂಟಿಬಿಡುತ್ತವೆ. ಆಮೇಲೆ ಹಿಡಿ ಒತ್ತಿದರೂ ಬಿಡುವುದಿಲ್ಲ. ಗೇರು ಹಾಕಿದ ಕೂಡಲೇ ಗಾಡಿ ಆರಿಹೋಗುತ್ತದೆ.”

ಮರುಳಸಿದ್ಧ ಕಣ್ಣರಳಿಸಿದ. “ಇದು ಆತ್ಮ ಮತ್ತು ದೇಹದ ತತ್ವವೇ ಬುದ್ಧಿ?”

“ಅಲ್ಲ ಮರಿ, ಕ್ಲಚ್ಚು.”

ಗುರುಗಳು ಕತೆ ಮುಂದುವರಿಸಿದರು.

ರೈತ ಮತ್ತೆ ಮತ್ತೆ ನೋಡಿ ಸೋತು ಇಳಿದ. ಈಗ ವರ್ತಕನ ಸರದಿ. ಅವನು ಪಂಚೆ ಎತ್ತಿ ಕಟ್ಟಿ ಮುಂದಿನ ಸೀಟಿನಲ್ಲಿ ಕುಳಿತ. ಜನ ನಕ್ಕರು. ಅವನು ಹಿಂದಿನ ಸೀಟಿನಲ್ಲಿ ಕೂತದ್ದನ್ನು ಮಾತ್ರ ಅವರು ಕಂಡಿದ್ದರು.

“ಸೆಟ್ರೇ, ದಾರಿ ತಪ್ಪಿ ಮುಂದಕ್ಕೆ ಬಂದ್ರಲ್ಲ!” ಎಂದು ಒಬ್ಬ ಕೂಗಿದ.

ಇಂಜಿನ್ನು ಬಿಸಿಯಾಗಿದ್ದರಿಂದ ಅವನ ಅರ್ಧ ಕಿಕ್ಕಿಗೇ ಹತ್ತಿತು. ಅವನು ಗೇರಿಗೆ ಹೋಗಲಿಲ್ಲ. ಯಜಮಾನರ ಕಡೆ ತಿರುಗಿ ಹೇಳಿದ: “ಗೌಡ್ರೇ, ತಾಲ್ಲೂಕಿನಲ್ಲಿ ಮೆಕ್ಯಾನಿಕ್ಕನ್ನ ಕೇಳ್ಕೊಂಡು ಬಂದಿದ್ದೀನಿ. ನಿಂತ ಗಾಡೀಲಿ ಕ್ಲಚ್ಚು ಅಂಟಿರ್ತದಂತೆ. ಗಾಡಿ ಓಡ್ತಾ ಇರಬೇಕಾದ್ರೆ ಗೇರು ಹಾಕಿ, ಕ್ಲಚ್ಚು ಬಿಡದೆ ಹಿಡ್ಕೊಂಡು ರೇಸ್ ಮಾಡಿದ್ರೆ ಬಿಟ್ಕೊಳ್ತದಂತೆ. ಮೊದ್ಲು ಯಾರಾದ್ರೂ ತಳ್ಳಬೇಕು.”

“ಮೂರನೆಯವರು ಮುಟ್ಟಂಗಿಲ್ಲ” ಎಂದರು ಯಜಮಾನರು.

ವರ್ತಕ ಎರಡು ಕಾಲನ್ನೂ ನೆಲಕ್ಕೆ ಊರಿ ತಾನೇ ತಳ್ಳಿಕೊಂಡು ಹೋಗಲು ನೋಡಿದ. ಗಿಡ್ಡ ಕಾಲು. ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಗಾಡಿ ಒಂದು ಗೇಣು ಹೋಗಿ ನಿಂತಿತು.

ಜನ ಗುಸುಗುಸು ಮಾತನಾಡಿದರು. ಯಜಮಾನರು ಗುಜರಿ ಅಂಗಡಿಯವನ ಹೆಸರು ನೆನಪು ಮಾಡಿಕೊಳ್ಳತೊಡಗಿದರು. ಆಗ ಹೊಸ್ತಿಲ ಮೇಲಿಂದ ಅವರ ತಾಯಿ, ಅವರೆಕಾಯಿಯಿಂದ ಕಣ್ಣು ತೆಗೆಯದೆ, ಹೇಳಿದರು: “ಲೋ ಮಗಾ, ಮೂರನೇವ್ನು ಮುಟ್ಟಬಾರ್ದು ಅಂದೆ, ಸರಿ. ಎರಡನೇವ್ನು ಮುಟ್ಟಬಾರ್ದು ಅಂತ ಯಾವಾಗ ಅಂದೆ?”

ಯಜಮಾನರು ತಾವು ಅಂದದ್ದನ್ನು ನೆನೆದು ನೋಡಿದರು. ಅಂದಿರಲಿಲ್ಲ.

ಎಲ್ಲರೂ ರೈತನ ಕಡೆ ತಿರುಗಿದರು. ರೈತ ತನ್ನ ಚಪ್ಪಲಿಯ ಕಡೆ ನೋಡಿದ. ತಳ್ಳಿದರೆ ವರ್ತಕ ಕಟ್ಟೆ ಸುತ್ತುತ್ತಾನೆ, ಗಾಡಿ ಅವನದಾಗುತ್ತದೆ. ತಳ್ಳದಿದ್ದರೆ ಗಾಡಿ ಗುಜರಿಗೆ. ತಳ್ಳಿದರೆ ತಾನೇ ಮೊದಲು ಸೋತಂತೆ ಎಂದು ನಾಳೆ ಊರು ಆಡಿಕೊಳ್ಳುತ್ತದೆ. ಇದಿಷ್ಟೂ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಗಾಡಿ ಡಬಡಬ ಎನ್ನುತ್ತಲೇ ಇತ್ತು. ಕೊಟ್ಟಿಗೆಯಲ್ಲಿ ಕೂತು ತೂತು ತೂತು ಬಿಡಿಸಿ ತಾನು ಬದುಕಿಸಿದ ಇಂಜಿನ್ನು. ಸುಮ್ಮನೆ ನಿಂತು ಕಾಯುತ್ತಿತ್ತು. ಮೇಲಾಗಿ ವರ್ತಕ ಗಾಡಿ ಹಿಡಿದಿದ್ದ ರೀತಿಯನ್ನು ನೋಡಲು ಆಗುತ್ತಿರಲಿಲ್ಲ. ಅವನು ಎಡಗೈಯ ಹಿಡಿಯನ್ನು ಸ್ಕೂಟರಿನ ಗೇರಿನಂತೆ ತಿರುಚುತ್ತಾ ಗೇರನ್ನು ಹುಡುಕುತ್ತಿದ್ದ.

ರೈತ ಪಂಚೆ ಎತ್ತಿ ಕಟ್ಟಿದ. ಗಾಡಿಯ ಹಿಂದೆ ಹೋಗಿ ಹಿಂದಿನ ಸೀಟಿಗೆ ಎರಡೂ ಕೈ ಕೊಟ್ಟ.

ಗಾಡಿ ಮೆಲ್ಲಗೆ ಸರಿಯಿತು. ರೈತ ಓಡಿದ. ಗಾಡಿಗೆ ವೇಗ ಬಂತು. ವರ್ತಕನ ಎಡಗೈ ಇನ್ನೂ ತಿರುಚುತ್ತಲೇ ಇತ್ತು, ಗೇರು ಸಿಗುತ್ತಿರಲಿಲ್ಲ. ಮುಂದೆ ಚರಂಡಿ ಹತ್ತಿರವಾಗುತ್ತಿತ್ತು.

“ಗೇರು ಎಲ್ಲೋ?”

“ಕಾಲಲ್ಲೋ!”

ಎರಡು ಮಾತೂ ಒಟ್ಟಿಗೇ ಬಂದವು. ಒಂದಕ್ಕೆ ಇನ್ನೊಂದು ಉತ್ತರವಾಗಿತ್ತೆಂಬುದು ಆಮೇಲೆ ಗೊತ್ತಾದದ್ದು. ಇಂಜಿನ್ನಿನ ಸದ್ದಿನಲ್ಲಿ ಯಾವುದು ಮುಂದೆ ಬಂತು, ಯಾವುದು ಹಿಂದೆ ಬಂತು ಎಂದು ಯಾರಿಗೂ ಕೇಳಿಸಲಿಲ್ಲ.

ವರ್ತಕ ಎಡಗಾಲಿನಿಂದ ಒತ್ತಿದ. ಗಾಡಿ ಜಗ್ಗಿತು. “ಕ್ಲಚ್ಚು ಬಿಡಬೇಡ! ರೇಸ್ ಮಾಡು! ರೇಸ್ ಬಿಡು! ಮತ್ತೆ ಮಾಡು!” ಎಂದು ರೈತ ಹಿಂದಿನಿಂದ ಕೂಗುತ್ತಿದ್ದ. ವರ್ತಕ ರೇಸ್ ಮಾಡಿದ, ಬಿಟ್ಟ, ಮಾಡಿದ. ಇಂಜಿನ್ನಿನ ಹೊಟ್ಟೆಯೊಳಗೆ ‘ಟಕ್’ ಎಂದು ಒಂದು ಸದ್ದಾಯಿತು. ಅಷ್ಟು ವರ್ಷ ಅಂಟಿದ್ದ ಬಿಲ್ಲೆಗಳು ಬಿಟ್ಟವು. ವರ್ತಕ ಹಿಡಿ ಬಿಡುತ್ತಲೇ ಗಾಡಿ ರೈತನ ಕೈಯಿಂದ ಜಾರಿ ಮುಂದಕ್ಕೆ ಹೋಯಿತು. ರೈತ ಬೀದಿಯ ನಡುವೆ ಮೊಣಕಾಲು ಹಿಡಿದು ನಿಂತ.

ವರ್ತಕ ಚರಂಡಿಯನ್ನು ತಪ್ಪಿಸಿ ಅರಳಿಕಟ್ಟೆಯನ್ನು ಒಂದು ಸುತ್ತು ಹಾಕಿದ. ಗಾಡಿ ಅವನದಾಯಿತು. ತೀರ್ಪು ಹೇಳಲು ಯಜಮಾನರು ಕೈ ಎತ್ತಿದರು. ವರ್ತಕ ನಿಲ್ಲಲಿಲ್ಲ, ಇನ್ನೊಂದು ಸುತ್ತಿಗೆ ಹೋದ. ಯಜಮಾನರು ಕೈ ಇಳಿಸಿ ಕಾದರು. ಮತ್ತೆ ಬಂದ, ಮತ್ತೆ ಹೋದ. ಗೆಲುವಿನ ಸಂತೋಷಕ್ಕೆ ಸುತ್ತುತ್ತಿದ್ದಾನೆ ಎಂದು ಜನ ಶಿಳ್ಳೆ ಹಾಕಿದರು. ರೈತ ಮಾತ್ರ ಅವನ ಮುಖ ನೋಡಿದ. ಅದು ಸಂತೋಷದ ಮುಖವಾಗಿರಲಿಲ್ಲ.

ಮುಂದಿನ ಸುತ್ತಿನಲ್ಲಿ ರೈತನ ಪಕ್ಕ ಹಾದುಹೋಗುವಾಗ ವರ್ತಕ ಕೂಗಿದ: “ಲೋ, ಇದನ್ನ ನಿಲ್ಸೋದು ಹೆಂಗೋ?”

“ನಿಲ್ಲಿಸಬೇಡ್ವೋ! ಮತ್ತೆ ಅಂಟ್ಕೊಂಡ್ರೆ ನಾನು ತಳ್ಳಲ್ಲ! ಇರು, ಬಂದೆ!”

ರೈತ ಓಡಿದ. ಗಾಡಿಯ ಪಕ್ಕ ಓಡುತ್ತಾ ಓಡುತ್ತಾ ಹಾರಿ ಹಿಂದಿನ ಸೀಟಿನಲ್ಲಿ ಕುಳಿತ. ಜೀವಮಾನದಲ್ಲಿ ಅವನು ಆ ಗಾಡಿಯ ಹಿಂದೆ ಕೂತದ್ದು ಅದೇ ಮೊದಲು. ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲವೆಂಬುದು ಅವನಿಗೆ ಆಗ ತಿಳಿಯಿತು. ಅವನು ವರ್ತಕನ ಸೊಂಟ ಹಿಡಿದುಕೊಂಡ.

“ಎಡಕ್ಕೆ ತಿರುಗ್ಸು! ಎಡಕ್ಕೆ! ನಿನ್ನ ಎಡ ಯಾವ್ದೋ?”

“ನೀನು ಹಿಂದೆ ಕೂತು ಕೂಗ್ತಿದ್ರೆ ನನಗೆ ಎಡಬಲ ಎರಡೂ ಮರೆತುಹೋಗ್ತದೆ, ಬಾಯಿ ಮುಚ್ಕೊಂಡು ಹೇಳು!”

ಬಾಯಿ ಮುಚ್ಚಿಕೊಂಡು ಹೇಳುವುದು ಹೇಗೆಂದು ರೈತ ಕೇಳಿದನೋ ಇಲ್ಲವೋ ಗೊತ್ತಿಲ್ಲ. ಗಾಡಿ ಕಟ್ಟೆಯನ್ನು ಬಿಟ್ಟು ಊರ ಹೊರಗಿನ ದಾರಿ ಹಿಡಿಯಿತು. ಆ ದಿನ ಸಂತೆಯೂ ಇರಲಿಲ್ಲ. ಯಜಮಾನರು ಮತ್ತೆ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಬಿಸಿಲಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಗಾಡಿ ಯಾರದೆಂದು ಹೇಳಬೇಕಾಗಿತ್ತು, ಹೇಳಿಸಿಕೊಳ್ಳಬೇಕಾದ ಇಬ್ಬರೂ ಧೂಳಿನಲ್ಲಿ ಮರೆಯಾಗಿದ್ದರು.

ಗುರುಗಳು ಇಷ್ಟಕ್ಕೆ ನಿಲ್ಲಿಸಿ, ಪಕ್ಕದಲ್ಲಿದ್ದ ಚೊಂಬಿನಿಂದ ನೀರು ಕುಡಿದರು.

ಮರುಳಸಿದ್ಧ ಕಾದ. ಕತೆ ಮುಗಿದಿತ್ತು. ಅವನಿಗೆ ಬೇಕಾದದ್ದು ಮಾತ್ರ ಅದರಲ್ಲಿ ಎಲ್ಲಿಯೂ ಸಿಕ್ಕಿರಲಿಲ್ಲ.

“ಬುದ್ಧಿ, ನನಗೆ ಒಂದು ಸ್ಪಷ್ಟವಾಗಲಿಲ್ಲ” ಎಂದ. “ವರ್ತಕ ಮೊದಲು ಕೆಮ್ಮಿದ. ಕೆಮ್ಮನ್ನು ಮಾತೆಂದು ಹಿಡಿದರೆ ಸೋತವನು ಅವನು. ರೈತ ತಾನಾಗಿ ಹೋಗಿ ತಳ್ಳಿದ. ತಳ್ಳಿದ್ದನ್ನು ಹಿಡಿದರೆ ಸೋತವನು ಇವನು. ಬಾಯಿ ಬಿಟ್ಟು ಆಡಿದ್ದನ್ನೇ ಹಿಡಿದರೆ ಎರಡೂ ಒಟ್ಟಿಗೆ ಬಂದವು ಎನ್ನುತ್ತೀರಿ. ಆದರೂ ಕೂದಲೆಳೆಯಷ್ಟಾದರೂ ಒಂದು ಮುಂದೆ ಇದ್ದೇ ಇರುತ್ತದೆ. ಇಬ್ಬರಲ್ಲಿ ವಯಸ್ಸಿನಲ್ಲಿ ಕಿರಿಯವನು ಯಾರಾಗಿದ್ದ ಬುದ್ಧಿ? ಕೊನೆಗೆ ಏನೆಂದು ತೀರ್ಮಾನವಾಯಿತು? ಮೊದಲು ಮಾತನಾಡಿದವರು ಯಾರು?”

ಗುರುಗಳು ಚೊಂಬನ್ನು ಕೆಳಗಿಟ್ಟರು.

“ಅದನ್ನು ಊರಿನವರು ಇವತ್ತಿಗೂ ಕಟ್ಟೆಯ ಮೇಲೆ ಕೂತು ಚರ್ಚಿಸುತ್ತಲೇ ಇದ್ದಾರೆ ಮರಿ, ಅವರಿಬ್ಬರನ್ನೇ ಕೇಳೋಣವೆಂದು ಹೋದರೆ, ಹೋದಾಗಲೆಲ್ಲ ಇಬ್ಬರೂ ಗಾಡಿ ಹತ್ತಿ ಹೊರಟುಹೋಗಿರುತ್ತಾರೆ.”

ಮರುಳಸಿದ್ಧ ಎದ್ದು ಅಡುಗೆಮನೆಯ ಕಡೆ ನಡೆದ, ಸಾರಿಗೆ ಉಪ್ಪು ಬಿತ್ತೇ ಎಂದು ಕೇಳಲು.